ನಾನಿಯ ಹೆಸರು

ಲಿಂಗಸುಗೂರು
12 ಡಿಸೆಂಬರ್ 2025

ಪ್ರೀತಿಯ ತಂಗಿ ಕೌಸರ್,

ಸಲಾಮ್. ನೀನೂ ಕೂಸೂ ಆರಾಮಾಗಿದ್ದೀರೆಂದು ಅಮ್ಮಿ ಹೇಳಿದಳು. ಸಿಂಧನೂರಿಗೆ ಬಂದು ನೋಡಲಿಲ್ಲ, ನೀನು ಕೇಳಿದ್ದಕ್ಕೆ ಉತ್ತರವನ್ನೂ ಕೊಡಲಿಲ್ಲ; ಬೇಸರ ಮಾಡಿಕೊಳ್ಳಬೇಡ. ಮಗಳಿಗೆ ನಮ್ಮ ನಾನಿಯ ಹೆಸರು, ಮಕ್ತುಂಬೀ ಅಂತ, ಇಡಲೇ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಈ ಪತ್ರ.

ಕಾಲೇಜಿನ ಕಂಪ್ಯೂಟರ್ ಕ್ಲಾಸಿನಲ್ಲಿ ಈ ವರ್ಷ ಜಾವಾ ಭಾಷೆ ತೆಗೆದು ಪೈಥಾನ್ ಇಟ್ಟಿದ್ದಾರೆ. ಹುಡುಗರಿಗಿಂತ ಒಂದು ಪಾಠ ಮುಂದೆ ಓದಿಕೊಂಡು ಕಲಿಸುತ್ತಿದ್ದೇನೆ, ಗುಟ್ಟು ರಟ್ಟಾಗದಿದ್ದರೆ ಸಾಕು. ಜಾವಾ ನಮ್ಮ ಅಬ್ಬಾನ ಕಿರಾಣಿ ಅಂಗಡಿಯ ಹಾಗೆ. ಸಕ್ಕರೆ ಡಬ್ಬಿಗೆ ಸಕ್ಕರೆಯೇ. ಬೇರೇನಾದರೂ ಹಾಕಹೋದರೆ ಮೊದಲೇ ಬೈದು ನಿಲ್ಲಿಸುತ್ತದೆ. ಪೈಥಾನಿನಲ್ಲಿ ಹೆಸರೆಂದರೆ ಒಂದು ಚೀಟಿ ಅಷ್ಟೇ. ಇವತ್ತು ಸಂಖ್ಯೆಗೆ ಅಂಟಿಸಿದ್ದನ್ನು ನಾಳೆ ಕಿತ್ತು ಒಂದು ವಾಕ್ಯಕ್ಕೆ ಅಂಟಿಸಬಹುದು. ಮೊನ್ನೆ ಹಳೇ ರೂಢಿಯಂತೆ, ಇದರಲ್ಲಿ ಸಂಖ್ಯೆ ಮಾತ್ರ ಎಂದು ಹೆಸರಿಗೆ ಮೊದಲು ಬೋರ್ಡಿನ ಮೇಲೆ ಬರೆದುಬಿಟ್ಟೆ. ಹಿಂದಿನ ಬೆಂಚಿನ ರಾಜಶ್ರೀ, "ಅದು ಬೇಕಾಗಿಲ್ರೀ ಮೇಡಮ್. ಹೆಸರು ಯಾವುದಕ್ಕರ ಇಡ್ರಿ, ನಡೀತೈತಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಹಂಗಾರ ಹಳೇದು ಏನಾಕೈತ್ರಿ?" ಎಂದು ಅವಳೇ ಕೇಳಿದಳು. ಚೀಟಿ ಕಿತ್ತ ಮೇಲೆ ಅದಕ್ಕೆ ಬೇರೆ ಹೆಸರಿಲ್ಲದಿದ್ದರೆ ಯಂತ್ರ ಗುಡಿಸಿ ಹಾಕುತ್ತದೆ, ಜಾವಾದಲ್ಲೂ ಹಾಗೇ ಇತ್ತು ಎಂದೆ. ವರ್ಷಗಳಿಂದ ಹೇಳುತ್ತ ಬಂದ ಮಾತು. ಮೊನ್ನೆ ಹೇಳಿ, ಬೋರ್ಡಿನ ಮೇಲಿದ್ದ ಹೆಸರನ್ನು ಒರೆಸದೇ ಬಿಟ್ಟೆ. ಗಂಟೆ ಹೊಡೆಯಿತು.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಉಣ್ಣುತ್ತೇನೆ, ಮಲಗುತ್ತೇನೆ, ಏನೂ ಅನ್ನಿಸುವುದಿಲ್ಲ. ಶಕೀಲ್ ಭತ್ತದ ವ್ಯಾಪಾರಕ್ಕೆ ದಢೇಸುಗೂರಿಗೆ ಹೋಗಿಬರುತ್ತಾರೆ. ಗಂಡಹೆಂಡತಿಯ ನಡುವೆ ಮಾತು ಕಡಿಮೆಯಾಗಿದೆ. ಮಸ್ಕಿಯಿಂದ ಅಮ್ಮಿ ಫೋನ್ ಮಾಡಿ, "ಮೊದಲನೇ ಮೊಮ್ಮಗಳಿಗೆ ತಾಯಿಯ ನಾನಿ ಹೆಸರಿಡೋದು ನಮ್ಮ ಮನಿ ಪದ್ಧತಿ. ಕೌಸರ್ ನಿನ್ನ ಮಾತಿಗೆ ಕಾಯಾಕತ್ತಾಳ. ಹೂಂ ಅನ್ನು ಬೇ" ಎಂದಳು. ಹೂಂ ಅಂದೆನೋ ಇಲ್ಲವೋ ನೆನಪಿಲ್ಲ.

ನಿನ್ನ ಮಗಳಿಗೆ ಅಲ್ಲಾಹ್ ದೊಡ್ಡ ಆಯುಷ್ಯ ಕೊಡಲಿ. ಜೋರಾಗಿ ಅತ್ತು ಎಲ್ಲರ ನಿದ್ದೆ ಕೆಡಿಸಲಿ.

ನಿನ್ನ ಆಪಾ,
ವಸೀಮಾ

ಮತ್ತೆ: ಹೆಸರಿಡುವ ಅಕೀಕಾಕ್ಕೆ ಬರುತ್ತೇನೆ. ಆದರೆ ಆ ಹೆಸರು ಬೇಡ, ಕೌಸರ್. ಬಕ್ರೀದಿನ ಹಿಂದೆಮುಂದೆ ನನಗೆ ಹುಟ್ಟಿದ ಕೂಸು ಉಸಿರಾಡಲೇ ಇಲ್ಲವಲ್ಲ, ಅದಕ್ಕೆ ಹೆಸರಿಲ್ಲವೆಂದು ನೀವೆಲ್ಲ ತಿಳಿದಿದ್ದೀರಿ. ಮಣ್ಣು ಕೊಡುವ ಮೊದಲು ಶಕೀಲ್ ಅವಳ ಕಿವಿಯಲ್ಲಿ ಮಕ್ತುಂಬೀ ಎಂದು ಕರೆದಿದ್ದರು. ಒಂದು ಫೋಟೋ ಇಲ್ಲ, ಹೊಲಿದಿಟ್ಟ ಅಂಗಿಯನ್ನೂ ತೊಡಿಸಲಿಲ್ಲ. ಅವಳದು ಅಂತ ಇರುವುದು ಆ ಹೆಸರೊಂದೇ. ಅಮ್ಮಿಗೆ ಹೇಳು, ನಿನ್ನ ಮಗಳು ಎರಡನೇ ಮೊಮ್ಮಗಳು.