ತೊಳೆದ ಕಲ್ಲುಗಳು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಬೆನ್ನುನೋವು ಹೇಗಿದೆ? ಹಡಗಿನ ಇಂಜಿನ್ ಕೋಣೆಯ ಸೆಕೆಯಲ್ಲಿ ನೀನು ನೀರು ಕುಡಿಯುವುದನ್ನೇ ಮರೆಯುತ್ತೀಯ. ಮೊದಲು ಎದ್ದು ಒಂದು ಲೋಟ ಕುಡಿದು ಬಾ, ಆಮೇಲೆ ಓದು. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಲಾಂಡ್ರಿಯಲ್ಲಿ ಹೋಟೆಲಿನವರ ಹಾಸಿಗೆ ಬಟ್ಟೆ ರಾಶಿ ಬೀಳುತ್ತಿದೆ, ಇಸ್ತ್ರಿಪೆಟ್ಟಿಗೆ ಎಳೆದೂ ಎಳೆದೂ ಬಲಗೈ ಎಡಗೈಗಿಂತ ಉದ್ದವಾಗಿದೆಯೇನೋ ಎಂದು ನನಗೇ ಅನುಮಾನ. ಅಪ್ಪ ಉಣ್ಣುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಅಷ್ಟಕ್ಕೆ ಚೆನ್ನಾಗಿರುವುದು ಎನ್ನಬಹುದಾದರೆ ಅವನೂ ಚೆನ್ನಾಗಿದ್ದಾನೆ.

ಅತ್ತಿಗೆ ತೀರಿಕೊಂಡು ನೀನು ಹಡಗು ಹತ್ತಿದ ಮೇಲೆ ಪ್ರತಿ ಕಾಗದದಲ್ಲೂ ನಿನ್ನದು ಒಂದೇ ಪ್ರಶ್ನೆ, ಅವಳ ಮೀನಿನ ತೊಟ್ಟಿ ಹೇಗಿದೆ ಎಂದು. ಅಪ್ಪ ಪ್ರತಿ ಸಲವೂ ಎಲ್ಲಾ ಸರಿಯಾಗಿದೆ ಎಂದೇ ಬರೆದ. ಅದು ಸುಳ್ಳು ಅಣ್ಣಾ. ಕಡಲಿನ ಮೇಲೆ ಇರುವವನಿಗೆ ಗಾಜಿನ ತೊಟ್ಟಿಯ ಉಪ್ಪುನೀರಿನ ಸುದ್ದಿ ಬರೆಯಬೇಕಾಗಿದೆ, ನೋಡು ನನ್ನ ಗ್ರಹಚಾರ.

ಆ ತೊಟ್ಟಿಯ ವಿಷಯದಲ್ಲಿ ಅತ್ತಿಗೆ ಎಷ್ಟು ಜಿಪುಣಿಯಾಗಿದ್ದಳು ನೆನಪಿದೆಯಾ? ಒಂದು ಹಳದಿ ಮೀನು ತರೋಣ ಎಂದು ನೀನು ಗೋಗರೆದರೂ ಸೊಪ್ಪು ಹಾಕಲಿಲ್ಲ. ಇಷ್ಟೊಂದು ಜಾಗ ಇದೆಯಲ್ಲ ಎಂದರೆ, "ಜಾಗ ಇರೋದು ನಿಮ್ಮ ಕಣ್ಣಿಗೆ, ನೀರಿಗಲ್ಲ" ಎನ್ನುತ್ತಿದ್ದಳು. ತೊಟ್ಟಿಯ ಗಾಜಿಗೆ ಸಿಕ್ಕಿಸಿದ ಫಿಲ್ಟರ್ ಬರೀ ಕೈಯಾಳು, ಮೀನಿನ ಹೊಲಸನ್ನು ನಿಜವಾಗಿ ತಿಂದು ಕರಗಿಸುವುದು ತಳದಲ್ಲಿ ಜೋಡಿಸಿದ ಕಲ್ಲುಗಳಲ್ಲಿರುವ ಕಣ್ಣಿಗೆ ಕಾಣದ ಜೀವಗಳು, ಅವು ತಾಳುವಷ್ಟೇ ಮೀನು ಎಂಬುದು ಅವಳ ಲೆಕ್ಕ. ಆದರೆ ನಮ್ಮ ಮನೆಯವರು ಎಂಥವರು? ಕಂಡವರ ಮನೆಯ ಬಚ್ಚಲ ಕೊಳವೆಯಿಂದ ಲೋಳೆ ಎಳೆದೇ ಮುದುಕನಾದ ಅಪ್ಪ, ಕಲೆ ಕಂಡರೆ ಮೈ ಉರಿದುಹೋಗುವ ನಾನು. ಇಂಥ ಮನೆಗೆ ಪಾಚಿಯನ್ನು ಜೋಪಾನ ಮಾಡುವ ಸೊಸೆ ಬಂದಿದ್ದಳು.

ಹೋದ ವರ್ಷದ ಕೊನೆಗೆ ರಜೆ ಹಾಕಿ ಬರುತ್ತೇನೆ ಎಂದು ಬರೆದೆಯಲ್ಲ, ಅಪ್ಪನಿಗೆ ಹರೆಯ ಬಂದಂತಾಯಿತು. ನಾನು ಕೆಲಸಕ್ಕೆ ಹೋಗಿದ್ದಾಗ ಅತ್ತಿಗೆ ಬೆಳೆಸಿದ್ದ ಜೀವಂತ ಹವಳಗಳನ್ನೂ ಮೀನುಗಳನ್ನೂ ಬಕೆಟ್ಟಿಗೆ ಹಾಕಿ, ಆ ಕಲ್ಲುಗಳನ್ನೆಲ್ಲ ಬಚ್ಚಲಿಗೆ ಹೊತ್ತು, ತಂತಿ ಬ್ರಷ್ಷು, ಕುದಿಯುವ ನೀರು, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದ್ದಾನೆ. ಫಿಲ್ಟರಿನ ಸ್ಪಂಜನ್ನೂ ಬಿಡಲಿಲ್ಲ. ಸಂಜೆ ನಾನು ಬಂದಾಗ ಪ್ಯಾಂಟು ಮಡಚಿಕೊಂಡು, ಒದ್ದೆ ಕೈಯಲ್ಲೇ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದ. "ಹೊಸಾ ಮನೆ ಥರ ಆಗಿದೆ ನೋಡೇ! ಬರ್ಲಿ ಅವ್ನು, ಕಣ್ತುಂಬ ನೋಡ್ಲಿ!" ಕಲ್ಲುಗಳು ಹಾಲಿನ ಹಾಗೆ ಬೆಳ್ಳಗಿದ್ದವು. ಚೆಂದ ಕಾಣುತ್ತೆ ಎಂದೆ. ನನಗೇನು ಗೊತ್ತಿತ್ತು ಹೇಳು.

ವಾರ ತುಂಬುವುದರೊಳಗೆ ನೀರು ಮಂಜಾಯಿತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು, ಹವಳಗಳು ಮುದುಡಿಕೊಂಡವು. ಅತ್ತಿಗೆಯ ಬೆರಳಿನಿಂದಲೇ ತಿನ್ನುತ್ತಿದ್ದ ಕಿತ್ತಳೆ ಬಣ್ಣದ ಮೀನಿನ ಜೋಡಿಯಲ್ಲಿ ಮೊದಲು ಹೆಣ್ಣು ಹೋಯಿತು, ಮರುದಿನ ಗಂಡು. ಮೀನಿನ ಅಂಗಡಿಯವನು ತಲೆ ಚಚ್ಚಿಕೊಂಡ. "ಅಯ್ಯೋ ಯಜಮಾನ್ರೇ, ಕಲ್ಲಲ್ಲಿದ್ದ ಜೀವಾನೇ ತೊಳೆದುಬಿಟ್ರಲ್ಲಾ! ಇನ್ನು ಕಲ್ಲು ತಾನಾಗೇ ಚೇತರಿಸ್ಕೊಳ್ಳೋವರೆಗೆ ಒಂದು ಮೀನೂ ಹಾಕ್ಬೇಡಿ." ಅಪ್ಪ ಕೇಳಬೇಕಲ್ಲ. ನೀನು ಬಂದಾಗ ತೊಟ್ಟಿ ಬರಿದಾಗಿರಬಾರದು ಎಂಬ ಒಂದೇ ಹಟ. ಬೇರೆ ಅಂಗಡಿಗೆ ಹೋಗಿ ಚೀಲ ಚೀಲ ಮೀನು ತಂದ. ಆ ಸತ್ತ ಕಲ್ಲಿನ ನಡುವೆ, ಅವುಗಳದೇ ಹೊಲಸು ವಿಷವಾಗಿ ಅಷ್ಟೂ ಹೋದವು. ಕೊನೆಯ ಹವಳ ಉದುರಿದ ದಿನವೇ, ರಜೆ ಸಿಗಲಿಲ್ಲ ಎಂಬ ನಿನ್ನ ಕಾಗದ ಬಂತು.

ನೀನು ರಜೆ ಕೇಳಲೇ ಇಲ್ಲ, ನನಗೆ ಗೊತ್ತು. ಅವಳಿಲ್ಲದ ಈ ಮನೆಯ ಮೆಟ್ಟಿಲು ಹತ್ತಲು ನಿನ್ನ ಕೈಲಾಗುತ್ತಿಲ್ಲ. ಬೈಯುತ್ತಿಲ್ಲ ಮಾರಾಯ, ನನಗೂ ಅವಳ ಚಪ್ಪಲಿ ಎತ್ತಿಡಲು ಇನ್ನೂ ಆಗಿಲ್ಲ. ಆದರೆ ಅಪ್ಪನನ್ನು ನೋಡುತ್ತಿರುವವಳು ನಾನು. ಬೆಳಿಗ್ಗೆ ಎದ್ದು ಖಾಲಿ ತೊಟ್ಟಿಗೆ ಒಂದು ಚಿಟಿಕೆ ಆಹಾರ ಉದುರಿಸುತ್ತಾನೆ. ಅದು ಕೊಳೆಯುತ್ತದೆ. ಕೊಳೆಯಿತಲ್ಲ ಎಂದು ಮತ್ತೆ ಕಲ್ಲು ತೆಗೆದು ತಿಕ್ಕುತ್ತಾನೆ. ಸುಮ್ಮನೆ ಬಿಟ್ಟಿದ್ದರೆ ಕಲ್ಲಿಗೆ ಇಷ್ಟೊತ್ತಿಗೆ ಜೀವ ಬರುತ್ತಿತ್ತೇನೋ. ಬಿಡುವುದು ಅವನಿಗೆ ಬರುವುದಿಲ್ಲ, ಬೇಡ ಎಂದು ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಯಿತು.

ಅಲ್ಲಿಯ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು, ನಿನಗೆ ಹೊಟ್ಟೆ ತುಂಬ ಬಡಿಸಲಿ. ಮೈ ಕಡೆ ಗಮನವಿರಲಿ.

ನಿನ್ನ ಬಜಾರಿ ತಂಗಿ

ಮರೆತಿದ್ದೆ: ತೊಟ್ಟಿಯ ನೀರು ತಿರುಗಿಸುವ ಮೋಟಾರು ಇನ್ನೂ ಓಡುತ್ತಲೇ ಇದೆ. ನಾನು ಸ್ವಿಚ್ಚಿನ ಹತ್ತಿರ ಹೋದರೆ ಅಪ್ಪ ಅಡ್ಡ ನಿಲ್ಲುತ್ತಾನೆ. "ಅವ್ನು ನನ್ ಕೈಲಿ ಒಪ್ಪಿಸಿ ಹೋಗಿದ್ದಾನೆ. ಅವ್ನು ಹೇಳೋವರ್ಗೂ ಆರ್ಸಲ್ಲ." ನೀನು ಬರುವುದಿಲ್ಲ, ಅದು ಗೊತ್ತು. ಒಂದು ಸಾಲು ಬರೆ ಸಾಕು: ಅಪ್ಪಾ, ಮೋಟಾರು ಆರಿಸು. ನಿನ್ನ ಕೈಬರಹದಲ್ಲೇ ಇರಲಿ, ಅವನು ನನ್ನ ಮಾತು ನಂಬುವುದಿಲ್ಲ.