ಐದು ದಂಡದ ಸುತ್ತು

ಎಜುಕೇಶನ್ ಹಿಲ್, ರೆಡ್‌ಮಂಡ್
ಭಾನುವಾರ, 19 ಮಾರ್ಚ್ 2017

ಲವೀನಾಳಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಣುತ್ತಿದ್ದರೆ ಕಾಣಲಿ, ಹಾಳೆ ಬದಲಿಸುವುದಿಲ್ಲ.

ಹನ್ನೊಂದನೆಯ ತಾರೀಖು ಶನಿವಾರದ ರೇಸ್ ಆದಮೇಲೆ ನೀನು ನಾಲ್ಕು ಸಲ ಫೋನ್ ಮಾಡಿದೆ. ನಾನು ಬೇಕೆಂದೇ ಎತ್ತಲಿಲ್ಲ. ನಿನ್ನ ಮಂಗಳೂರಿನ ಮಾತು ಕಿವಿಗೆ ಬಿದ್ದರೆ ಕರಗಿಬಿಡುತ್ತೇನೆ. ಕಾಗದದಲ್ಲಾದರೆ ಗಟ್ಟಿಯಾಗಿರಬಲ್ಲೆ.

ಮೂರು ವರ್ಷದ ಹಿಂದೆ ನನ್ನನ್ನು ಬಯಾತ್ಲಾನ್‌ಗೆ ಎಳೆದುಕೊಂಡು ಹೋದವಳು ನೀನು. ಮೈಸೂರಿನ ಹುಡುಗಿ ಬೆನ್ನಿಗೆ ಬಂದೂಕು ಕಟ್ಟಿಕೊಂಡು ಹಿಮದ ಮೇಲೆ ಸ್ಕೀ ಮಾಡುವುದೇ ಎಂದು ನಾನು ನಕ್ಕಾಗ, ನೀನು “ಬಿದ್ರೆ ಏಳುದು, ಅಷ್ಟೇ ಮಾರಾಯ್ತಿ” ಅಂದಿದ್ದೆ. ಬಿದ್ದೆ, ಎದ್ದೆ. ಎರಡನೆಯ ಚಳಿಗಾಲಕ್ಕೆ ನೀನು, ನಾನು, ಎಲಿಜಬೆತ್ ಮೂವರೂ ಸೇರಿ ಕ್ಲಬ್ಬಿನ ಹೆಂಗಸರ ರಿಲೇ ತಂಡವಾದೆವು. ಕೊನೆಯ ಸರದಿ ಯಾವಾಗಲೂ ನನ್ನದು. ಉಸಿರು ಕಟ್ಟುವಷ್ಟು ಓಡಿಬಂದು, ತಕ್ಷಣ ಕೈ ನಿಲ್ಲಿಸಿ ಐವತ್ತು ಮೀಟರ್ ದೂರದ ಐದು ಕಪ್ಪು ಚುಕ್ಕೆಗಳನ್ನು ಬೀಳಿಸುವುದು ನಮ್ಮಲ್ಲಿ ನನಗೇ ಚೆನ್ನಾಗಿ ಬರುತ್ತಿತ್ತು. ನೀನೂ ಒಪ್ಪಿದ್ದೆ. ಒಪ್ಪಿದ್ದೆ ಎಂದು ನಾನು ನಂಬಿದ್ದೆ.

ಡಿಸೆಂಬರಿನ ಆ ಮಧ್ಯಾಹ್ನ ನೆನಪಿದೆಯಾ? ಹಿಮ ಕುಸಿಯುವ ಭಯಕ್ಕೆ ಸ್ನೋಕ್ವಾಲ್ಮಿ ಪಾಸ್‌ನ ಘಾಟಿ ರಸ್ತೆ ಮುಚ್ಚಿದ್ದರು. ಎರಡು ಗಂಟೆ ಕಾರಿನಲ್ಲಿ ಕೂತಿದ್ದೆವು. ನೀನು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟೆ. ಅಷ್ಟಕ್ಕೇ ನಾನು ಬಾಯಿಬಿಟ್ಟೆ. ಸಂದೀಪ್ ಈ ಮದುವೆ ಸಾಕೆಂದು ಮನೆ ಬಿಟ್ಟುಹೋದಾಗಿನಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಿದ್ದೇನೆ ಎಂದು ಅಮ್ಮನಿಗೂ ಹೇಳದ್ದನ್ನು ನಿನಗೆ ಹೇಳಿದೆ. ನೀನು ನನ್ನ ಕೈ ಹಿಡಿದು, “ಯಾರಿಗೂ ಹೇಳುದಿಲ್ಲ ಮಾರಾಯ್ತಿ” ಅಂದೆ.

ಐದೇ ದಿನಕ್ಕೆ ತರಬೇತುದಾರ ಜೇಸನ್ ಫ್ಯಾಕ್ಟೋರಿಯಾದಲ್ಲಿ ನನ್ನ ಆಫೀಸಿನ ಕೆಳಗಿನ ಕಾಫಿ ಅಂಗಡಿಗೆ ಬಂದ. ತುಂಬ ಮೆದುವಾಗಿ, ಸಾವು ಆದ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದ. ಡಾಕ್ಟರ ಪತ್ರ ತರುವವರೆಗೆ ನಾನು ಬಂದೂಕು ಮುಟ್ಟುವಂತಿಲ್ಲವಂತೆ. ನನ್ನ ಜೊತೆಗೇ ಮನೆಗೆ ಬಂದು, ರೈಫಲ್ ತಗೊಂಡು ಹೋಗಿ ಕ್ಲಬ್ಬಿನ ಕಪಾಟಿನಲ್ಲಿ ಬೀಗ ಹಾಕಿದ. ಯಾರು ಹೇಳಿದರು ಎಂದು ಕೇಳಿದೆ. “ನಿನ್ನ ಒಳ್ಳೆಯದು ಬಯಸುವವರು” ಅಂದ.

ಜನವರಿಯ ಮೊದಲ ರಿಲೇಯಲ್ಲಿ ಕೊನೆಯ ಸರದಿ ನಿನ್ನದಾಗಿತ್ತು. ನನ್ನ ಜಾಗಕ್ಕೆ ಹೊಸಬಳನ್ನು ಹಾಕಿಕೊಂಡಿದ್ದಿರಿ. ನನಗೆ ಸ್ವಯಂಸೇವಕರ ಹಳದಿ ಅಂಗಿ ತೊಡಿಸಿ, ದಂಡದ ಸುತ್ತು ಎಣಿಸಲು ನಿಲ್ಲಿಸಿದರು. ಬೀಳಿಸದೆ ಬಿಟ್ಟ ಒಂದೊಂದು ಗುರಿಗೂ ನೂರೈವತ್ತು ಮೀಟರಿನ ಒಂದೊಂದು ಸುತ್ತು. ಅವತ್ತು ನಿನಗೆ ಒಂದೇ ಸುತ್ತು ಬಿತ್ತು. ನನ್ನೆದುರು ಹಾದುಹೋಗುವಾಗ ನೀನು ತಲೆ ತಗ್ಗಿಸಿದೆ. ನಾನು ಪುಸ್ತಕದಲ್ಲಿ ಒಂದು ಗೆರೆ ಎಳೆದೆ. ನಿಮ್ಮ ತಂಡ ಗೆದ್ದಿತು. ಆಗಲೇ ನಿಶ್ಚಯ ಮಾಡಿದೆ: ಇವಳನ್ನು ಈ ಸುತ್ತಿನಲ್ಲಿ ಉಸಿರು ಹೋಗುವಷ್ಟು ಓಡಿಸುತ್ತೇನೆ.

ತಿಂಗಳ ಕೊನೆಗೆ ಡಾಕ್ಟರ ಪತ್ರ ತಂದು ರೈಫಲ್ ಬಿಡಿಸಿಕೊಂಡೆ. ನಿಮ್ಮ ತಂಡದಲ್ಲಿ ಜಾಗವಿಲ್ಲ ಎಂದರು. ಆಗ ರಜನಿ ತನ್ನ ತಂಡಕ್ಕೆ ಕರೆದಳು. ಇಲ್ಲೇ ನಮ್ಮ ಗುಡ್ಡದ ಮೇಲಿರುವವಳು, ಇಬ್ಬರು ಮಕ್ಕಳ ತಾಯಿ. ನಾಲ್ಕು ವರ್ಷದಿಂದ ಓಡುತ್ತಿದ್ದರೂ ಅಲ್ಲಿಯವರೆಗೆ ಒಂದು ಪದಕ ಕಂಡವಳಲ್ಲ. ಲೆವೆನ್‌ವರ್ತ್‌ನ ನರ್ಸ್ ಒಬ್ಬಳು ಮೊದಲು, ರಜನಿ ಎರಡನೆಯವಳು, ನಾನು ಕೊನೆ. ಫೆಬ್ರವರಿಯ ರಿಲೇಯಲ್ಲಿ ಎರಡನೆಯ ಜಾಗಕ್ಕೆ ಬಂದೆವು, ನಿಮಗಿಂತ ಹನ್ನೊಂದು ಸೆಕೆಂಡು ಹಿಂದೆ. ರಜನಿ ಕುಣಿದಾಡಿಬಿಟ್ಟಳು. ನನಗೆ ಊಟ ಸೇರಲಿಲ್ಲ.

ಇನ್ನು ಶನಿವಾರದ್ದು. ರಜನಿ ನನ್ನ ಭುಜ ಮುಟ್ಟಿ ಸರದಿ ಒಪ್ಪಿಸಿದಾಗ ನಾವೇ ಮುಂದಿದ್ದೆವು, ನಲವತ್ತು ಸೆಕೆಂಡು. ಮೊದಲ ಸಲ ಮಲಗಿ ಹೊಡೆದದ್ದರಲ್ಲಿ ಐದಕ್ಕೆ ಐದೂ ಬಿದ್ದವು. ಎರಡನೆಯ ಸಲ ನಿಂತು ಹೊಡೆಯುವ ಜಾಗಕ್ಕೆ ನಾನೇ ಮೊದಲು ಬಂದೆ. ಸುಮ್ಮನೆ ಹೊಡೆದು ಹೋಗಿದ್ದರೆ ಚಿನ್ನದ ಪದಕ ನಮ್ಮದು. ನಾನು ಹೊಡೆಯಲಿಲ್ಲ. ಬಂದೂಕಿನ ಪಟ್ಟಿ ಸರಿಮಾಡುವ ನೆಪದಲ್ಲಿ ನಿನಗೆ ಕಾದೆ.

ನೀನು ಬಂದು ಪಕ್ಕದಲ್ಲೇ ನಿಂತೆ. ಒಂದು ಸಲ ಅಭ್ಯಾಸ ಮುಗಿಸಿ ಬರುವಾಗ ನೀನು ನನಗೆ ಹೇಳಿದ್ದೆ, ಪಕ್ಕದವರು ಬೇಗ ಬೇಗ ಹೊಡೆದರೆ ನಿನ್ನ ಬೆರಳು ತಾನಾಗಿ ಟ್ರಿಗರ್ ಎಳೆದುಬಿಡುತ್ತದೆ, ತಡೆಯಲು ಆಗುವುದಿಲ್ಲ ಎಂದು. ಅದನ್ನು ನೀನೂ ಬೇರೆ ಯಾರಿಗೂ ಹೇಳಿರಲಿಲ್ಲ. ನೀನು ಬಂದೂಕು ಎತ್ತಿದ ಕ್ಷಣ ನಾನು ಶುರುಮಾಡಿದೆ. ಗುರಿ ಸರಿಯಾಗಿ ನೋಡಲೇ ಇಲ್ಲ. ಒಂದರ ಹಿಂದೊಂದು ಐದೂ ಗುಂಡು ಸುಟ್ಟೆ. ರಿಲೇಗೆಂದು ಕೊಡುವ ಮೂರು ಹೆಚ್ಚಿನ ಗುಂಡುಗಳನ್ನೂ ತುಂಬಿ ತುಂಬಿ ಸುಟ್ಟೆ. ನಿನ್ನ ಬಂದೂಕು ನನ್ನ ತಾಳಕ್ಕೆ ಕುಣಿಯುವುದು ಕೇಳಿಸುತ್ತಿತ್ತು. ಕತ್ತೆತ್ತಿ ನೋಡಿದರೆ ನಿನ್ನ ಐದು ಚುಕ್ಕೆಗಳೂ ಬೀಳದೆ ಕಪ್ಪಾಗಿಯೇ ಇದ್ದವು. ನನ್ನವು ಮೂರು ಉಳಿದಿದ್ದವು.

ನನಗೆ ಮೂರು ಸುತ್ತು, ನಿನಗೆ ಐದು. ಹಿಂದೆ ಮುಂದೆ ಇಬ್ಬರೇ ಸುತ್ತುತ್ತಿದ್ದೆವು. ಎರಡನೆಯ ಸುತ್ತಿನಲ್ಲಿ ನೀನು ನನ್ನ ಪಕ್ಕಕ್ಕೆ ಬಂದೆ. ನೀನು ಅಳುತ್ತಿದ್ದೆ.

“ಬೇಕೂಂತಲೇ ಮಾಡಿದ್ದಲ್ವಾ ನೀನು?”

“ಹೌದು.”

“ಈಗ ಸಮಾಧಾನ ಆಯ್ತಾ?”

“ನಿಂಗಿನ್ನೂ ಮೂರು ಸುತ್ತಿದೆ. ಹೋಗು.”

ಇದನ್ನು ಬರೆಯುವಾಗಲೂ ನನಗೆ ಸಂತೋಷವಾಗುತ್ತಿದೆ, ಸುಳ್ಳು ಹೇಳಲಾರೆ. ನಿಮ್ಮ ತಂಡ ಕೊನೆಗೆ ಬಂತು. ನಾವು ನಾಲ್ಕನೆಯವರು. ಎಲ್ಲರೂ ನೋಡುವಾಗ ನೀನು ಆ ಸಣ್ಣ ವೃತ್ತದಲ್ಲಿ ಒಬ್ಬಳೇ ಸುತ್ತಿದೆಯಲ್ಲ, ಅಷ್ಟೇ ನನಗೆ ಬೇಕಿತ್ತು. ಹಳದಿ ಅಂಗಿ ತೊಟ್ಟು ನಿಂತಾಗ ನಾನೂ ಒಬ್ಬಳೇ ಇದ್ದೆ.

ರಜನಿಯ ವಿಷಯ ಮಾತ್ರ ನುಂಗಲಾಗುತ್ತಿಲ್ಲ. ವಾಪಸು ಬರುವಾಗ ಅವಳೇ ಕಾರು ಓಡಿಸುತ್ತಿದ್ದಳು. ನಾರ್ತ್ ಬೆಂಡ್ ಊರು ದಾಟಿದ ಮೇಲೆ ಕೇಳಿದಳು, “ಯಾಕೆ ಅಷ್ಟು ಬೇಗ ಹೊಡೆದೆ?” ಗಾಳಿ ಎದ್ದಿತು ಅಂದೆ. ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ, “ಗಾಳಿ ನೋಡೋಕೆ ಕಟ್ಟಿರೋ ಬಾವುಟ ಅಲುಗಾಡಲೇ ಇಲ್ಲ ಶ್ರೀ. ನಾನು ಅದನ್ನೇ ನೋಡ್ತಾ ಇದ್ದೆ” ಅಂದಳು. ಮನೆಯ ಮುಂದೆ ಇಳಿಸಿ, ನನ್ನ ಸ್ಕೀಗಳನ್ನು ಗೋಡೆಗೆ ಒರಗಿಸಿ ಹೋದಳು. ಅವಳಿಗೆ ನಾನು ಮಾಡಿದ್ದು, ನೀನು ನನಗೆ ಮಾಡಿದ್ದಕ್ಕಿಂತ ಕಡಿಮೆಯೇನಲ್ಲ. ಅವಳ ಬಳಿ ಕ್ಷಮೆ ಕೇಳುತ್ತೇನೆ. ನಿನ್ನ ಬಳಿ ಕೇಳುವುದಿಲ್ಲ.

ಇನ್ನು ಫೋನ್ ಮಾಡಬೇಡ.

ಒಂದು ಕಾಲದಲ್ಲಿ ನಿನ್ನವಳಾಗಿದ್ದ,
ಶ್ರೀವಿದ್ಯಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನನ್ನನ್ನು ಎರಡು ವರ್ಷದಿಂದ ನೋಡುತ್ತಿರುವ ಡಾಕ್ಟರು ಪತ್ರ ಕೊಡಲು ಒಪ್ಪಿರಲಿಲ್ಲ. ಇನ್ನೊಬ್ಬರ ಬಳಿ ಅರ್ಧ ಸತ್ಯ ಹೇಳಿ ಬರೆಸಿಕೊಂಡೆ. ಡಿಸೆಂಬರಿನಲ್ಲಿ ಮನೆಯಲ್ಲಿ ಬಂದೂಕಿದ್ದಾಗ ನನಗೆ ಏನೇನು ಅನ್ನಿಸುತ್ತಿತ್ತೆಂದು ಇಬ್ಬರು ಡಾಕ್ಟರಿಗೂ ಹೇಳಲಿಲ್ಲ. ಕಾರಿನಲ್ಲಿ ನಿನಗೂ ಹೇಳಿರಲಿಲ್ಲ. ನೀನು ಹೇಗೋ ಊಹಿಸಿದೆ. ಜೇಸನ್ ಬಂದೂಕನ್ನು ಒಯ್ದ ದಿನ ನಾನು ಎಷ್ಟೋ ವಾರಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ. ನೀನು ಮಾಡಿದ್ದೇ ಸರಿಯಾಗಿತ್ತು, ಅದಕ್ಕೇ ನಿನ್ನನ್ನು ಕ್ಷಮಿಸಲು ಆಗುತ್ತಿಲ್ಲ. ನಾಳೆ ಮೊದಲ ಡಾಕ್ಟರ ಬಳಿಗೇ ಹೋಗಿ ಎಲ್ಲವನ್ನೂ ಹೇಳುತ್ತೇನೆ. ರೈಫಲ್ಲನ್ನು ನಿನ್ನೆಯೇ ಜೇಸನ್ ಕೈಗೆ ಕೊಟ್ಟು ಬಂದೆ. ಈ ಹಾಳೆಯನ್ನು ಕ್ಲಬ್ಬಿನ ಸಮಿತಿಗೆ ತೋರಿಸಿದರೆ ನನ್ನನ್ನು ಮತ್ತೆಂದೂ ಸೇರಿಸಿಕೊಳ್ಳುವುದಿಲ್ಲ. ಅದು ಈಗ ನಿನ್ನ ಕೈಯಲ್ಲಿದೆ.