ಐವತ್ತು ಡಿಗ್ರಿ ಹೆಚ್ಚು ಬೆಂದ ಹಲ್ಲುಗಳು

ದಾವಣಗೆರೆ
ಫೆಬ್ರವರಿ ೩೦, ೨೧೯೩

ಆರು ತಲೆಮಾರು ಹಿಂದಿನ ನನ್ನ ಅಜ್ಜಿ ಗೌರಾಂಬಿಕೆಯವರಿಗೆ ಸರ್ವಮಂಗಳೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನ ಅದು. ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಸೇರಿಸಿ ನಮ್ಮಲ್ಲಿ ಅರವತ್ತು ವರ್ಷವಾಯಿತು. ನನ್ನ ಮಾತಿನಲ್ಲೂ ನಿಮ್ಮ ಕಿವಿಗೆ ಹೊಂದದ ಪದಗಳು ಬಂದಾವು, ಕ್ಷಮಿಸಿ. ಇದು ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಈ ಅಂಚೆಯಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದಕ್ಕೆ ಅವಕಾಶ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ. ಹಲ್ಲಿನ ಕ್ಯಾಪ್ ಮಾಡುವ ಕೆಲಸವನ್ನು ನಮ್ಮ ಮನೆತನದಲ್ಲಿ ಮೊದಲು ಹಿಡಿದವರು ನೀವು. ಆ ಕೆಲಸದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ.

ನಮ್ಮ ಊರಿನಲ್ಲಿ ಈಗ ನಾಲ್ಕು ಜನರಲ್ಲಿ ಒಬ್ಬರು ನೂರು ದಾಟಿದವರು. ಅವರನ್ನು ನೂರಾಳು ಎನ್ನುತ್ತೇವೆ. ಕಣ್ಣು, ಮಂಡಿ, ಗುಂಡಿಗೆ ಎಲ್ಲವನ್ನೂ ಹೊಸದು ಮಾಡುವ ವೈದ್ಯರಿದ್ದಾರೆ, ಆದರೆ ಉದುರಿದ ಹಲ್ಲನ್ನು ಮತ್ತೆ ಬೆಳೆಸುವುದು ಇನ್ನೂ ಯಾರಿಗೂ ಬಂದಿಲ್ಲ. ನಿಮ್ಮ ಕಾಲದಲ್ಲಿ ಹದಿನೈದು ವರ್ಷ ಬಾಳಿದರೆ ಸಾಕಾಗಿದ್ದ ಕ್ಯಾಪು ಈಗ ಅರವತ್ತು ವರ್ಷ ಬಾಳಬೇಕು. ನೂರಾಳುಗಳೇನೂ ಗಂಜಿ ಕುಡಿದು ಮೂಲೆಯಲ್ಲಿ ಕೂರುವವರಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ ಅವರಿಗೆ ಬೇಕೇ ಬೇಕು.

ಕೆಲಸದ ರೀತಿ ಬಹಳ ಬದಲಾಗಿಲ್ಲ. ಜಿರ್ಕೋನಿಯಾ ಎಂಬ ಪಿಂಗಾಣಿಯ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ ಸೀಮೆಸುಣ್ಣದಷ್ಟು ಮೆತ್ತಗಿರುತ್ತದೆ. ಅದನ್ನು ಯಂತ್ರದಲ್ಲಿ ಕೊರೆದು, ಬೇಕಾದ ಅಳತೆಗಿಂತ ಐದನೇ ಒಂದು ಪಾಲು ದೊಡ್ಡದಾದ ಹಲ್ಲು ಮಾಡುತ್ತೇವೆ. ಕುಲುಮೆಯ ಸಾವಿರದೈನೂರು ಡಿಗ್ರಿ ಶಾಖದಲ್ಲಿ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ, ಗಟ್ಟಿಯಾಗುತ್ತದೆ. ಅದರ ಬಲವೆಲ್ಲ ಇರುವುದು ಬರಿಗಣ್ಣಿಗೆ ಕಾಣದ ಹರಳುಗಳಲ್ಲಿ. ಎಲ್ಲಾದರೂ ಬಿರುಕು ಹೊರಟರೆ ಸುತ್ತಲಿನ ಹರಳುಗಳು ಉಬ್ಬಿ ಅದನ್ನು ಅಲ್ಲೇ ಅಮುಕಿ ನಿಲ್ಲಿಸುತ್ತವೆ.

ಲ್ಯಾಬ್ ನಡೆಸುವವನು ನನ್ನ ಅಣ್ಣ ಬಕ್ಕೇಶ. ಕುಲುಮೆಯ ಉಸ್ತುವಾರಿ ನನ್ನದು. ಏಳು ವರ್ಷದ ಹಿಂದೆ ಹಲ್ಲಿಗಾಗಿ ಕಾಯುವವರ ಸಾಲು ತಿಂಗಳುಗಟ್ಟಲೆ ಬೆಳೆಯಿತು. ಅರೆಹೊಟ್ಟೆಯಲ್ಲಿ ಕಾಯುತ್ತಿದ್ದ ಮುದುಕರನ್ನು ನೋಡಲಾರದೆ ನಾನು ಶಾಖವನ್ನು ಐವತ್ತು ಡಿಗ್ರಿ ಏರಿಸಿ, ಬೇಯಿಸುವ ಹೊತ್ತನ್ನು ಅರ್ಧಕ್ಕೆ ಇಳಿಸಿದೆ. ಹೊರಬಂದ ಹಲ್ಲುಗಳನ್ನು ನೋಡಿ ಇಬ್ಬರೂ ಬೆರಗಾದೆವು. ಬೆಳಕು ಅವುಗಳೊಳಕ್ಕೆ ಇಳಿಯುತ್ತಿತ್ತು, ಹುಟ್ಟುಹಲ್ಲಿನ ಹಾಗೆಯೇ. ಒತ್ತಿ ಮುರಿಯುವ ಯಂತ್ರದಲ್ಲಿಟ್ಟರೆ ಹಳೆಯವುಗಳಷ್ಟೇ ಭಾರ ತಡೆದವು. ಅಲ್ಲಿಂದ ಮುಂದೆ ಹಾಗೆಯೇ ಬೇಯಿಸಿದೆ. ಎರಡು ಸಾವಿರದ ನೂರು ಜನರ ಬಾಯಿಗೆ ಅವು ಹೋದವು.

ಕಳೆದ ಸೆಪ್ಟೆಂಬರಿನಲ್ಲಿ ಸಿದ್ಧವೀರಮ್ಮ ಎಂಬ ನೂರಾಳು ಬಂದರು. ನೂರಾನಾಲ್ಕರ ವಯಸ್ಸು, ಒಂದು ಕಾಲಕ್ಕೆ ಶಾಲೆಯಲ್ಲಿ ಕಬಡ್ಡಿ ಕಲಿಸಿದವರು. ಮಂಡಕ್ಕಿ ತಿನ್ನುವಾಗ ಅವರ ದವಡೆಯ ಕ್ಯಾಪು ಒಡೆದು, ಚೂರು ಉಸಿರುನಾಳಕ್ಕೆ ಇಳಿದಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಿದ್ದರು. ದನಿ ಮಾತ್ರ ಒಡೆದುಹೋಗಿತ್ತು. ಆ ಚೂರನ್ನು ನನ್ನ ಅಂಗೈ ಮೇಲಿಟ್ಟರು.

“ಇದು ನಿನ್ನ ಕೈಯಾಗ ಆಗಿದ್ದೇನವ್ವಾ?”

“ಹೌದಜ್ಜಿ.”

“ಬೈಯಾಕ ಬಂದಿಲ್ಲ ನಾನು. ನಮ್ಮ ಓಣ್ಯಾಗ ಇನ್ನೂ ಹನ್ನೊಂದು ಮಂದಿ ನಿನ್ನ ಹಲ್ಲು ಹಾಕ್ಯಾರ. ಅವ್ರಿಗೆ ಏನು ಹೇಳ್ಲಿ, ಅದನ್ನ ಹೇಳು.”

ಆ ಹನ್ನೊಂದು ಜನರ ಹೆಸರು ಬರೆದುಕೊಂಡೆ. ಅವರು ಹೋದ ಮೇಲೆ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬತ್ತಿದ ಕೆರೆಯಂಗಳದ ಹಾಗೆ ಮೈಯೆಲ್ಲ ಸೀಳು. ಹೆಚ್ಚು ಶಾಖಕ್ಕೆ ಹರಳುಗಳು ದಪ್ಪಗೆ ಬೆಳೆದಿದ್ದವು. ದಪ್ಪ ಹರಳುಗಳಿಗೆ ಬಾಯಿಯ ತೇವದಲ್ಲಿ ಸುಮ್ಮನಿರಲು ಆಗುವುದಿಲ್ಲ. ಬಿರುಕು ಬರುವ ಮೊದಲೇ, ವರ್ಷ ವರ್ಷವೂ ಒಂದಿಷ್ಟು ಉಬ್ಬಿ, ತಾವೇ ಬಿರುಕು ಹುಟ್ಟಿಸುತ್ತವೆ. ಹೊಸದರಲ್ಲಿ ಯಾವ ಪರೀಕ್ಷೆಗೂ ಅದು ಸಿಗದು.

“ಒಂದು ಮುರಿದ್ರ ಎಲ್ಲಾ ಮುರೀತಾವೇನು?” ಎಂದ ಅಣ್ಣ. “ಜನಕ್ಕ ಸುಮ್ನ ದಿಗಿಲು ಹುಟ್ಟಿಸಬ್ಯಾಡ.”

ಹಳೆಯ ಶಾಖದ ಒಂದು ಕ್ಯಾಪು, ನನ್ನ ಶಾಖದ ಒಂದು ಕ್ಯಾಪು, ಎರಡನ್ನೂ ಒತ್ತಡದ ಬಿಸಿ ಹಬೆಯಲ್ಲಿ ಮೂರು ದಿನ ಇಟ್ಟೆ. ಬಾಯಿ ವರ್ಷಗಟ್ಟಲೆ ಮಾಡುವುದನ್ನು ಹಬೆ ಗಂಟೆಗಳಲ್ಲಿ ಮಾಡುತ್ತದೆ. ಆಮೇಲೆ ಅಣ್ಣನ ಎದುರಿಗೇ ಯಂತ್ರದಲ್ಲಿಟ್ಟು ಒತ್ತಿದೆ. ಹಳೆಯದು ಜಗ್ಗಲಿಲ್ಲ. ನನ್ನದು ಅರ್ಧ ಭಾರಕ್ಕೂ ಮೊದಲೇ ಪುಡಿಯಾಯಿತು. ಅಣ್ಣ ಬಗ್ಗಿ ಚೂರುಗಳನ್ನೆಲ್ಲ ಒಂದು ಕಾಗದದ ಮೇಲೆ ಕೂಡಿಸಿದ.

“ಹಲ್ಲು ಹಾಕಿಸ್ಕೊಂಡೋರ ಪಟ್ಟಿ ತಗಿ,” ಎಂದ. “ಮೇಲಿನಿಂದ ನಾನು ಹೋಗ್ತೀನಿ, ಕೆಳಗಿನಿಂದ ನೀನು ಹೋಗು.”

ಸಿದ್ಧವೀರಮ್ಮನ ಓಣಿಯ ಹನ್ನೊಂದನ್ನೂ ಮೊದಲು ಬದಲಿಸಿದೆವು. ಐದು ತಿಂಗಳಲ್ಲಿ ಎಂಟುನೂರು ಮುಗಿದಿವೆ. ಕೆಲವರು ಊರು ಬಿಟ್ಟಿದ್ದಾರೆ. ಕೆಲವರು ಒಪ್ಪುವುದೇ ಇಲ್ಲ, ಹರಿಹರದ ಹೆಂಗಸೊಬ್ಬರು ಕನ್ನಡಿ ತಂದು ನಕ್ಕು ತೋರಿಸಿ, “ಇಷ್ಟು ಚೆಂದ ಐತಿ, ಯಾಕ ತಗಸ್ಲಿ?” ಎಂದು ಬಾಗಿಲು ಹಾಕಿಕೊಂಡರು. ಅಲ್ಲಿಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಮದುವೆಮನೆಗಳಲ್ಲಿ ನನಗೆ ಊಟ ಸೇರುವುದಿಲ್ಲ. ಪಂಕ್ತಿಯಲ್ಲಿ ಕೂತವರ ದವಡೆಗಳನ್ನೇ ನೋಡುತ್ತಿರುತ್ತೇನೆ. ಯಾರಾದರೂ ಕೆಮ್ಮಿದರೆ ತುತ್ತು ಕೈಯಲ್ಲೇ ಉಳಿಯುತ್ತದೆ. ಇನ್ನೂ ಸಾವಿರದ ಮುನ್ನೂರು ಜನ ಈ ಹೊತ್ತಿನಲ್ಲಿ ಏನನ್ನೋ ಅಗಿಯುತ್ತಿದ್ದಾರೆ.

ಅಜ್ಜಿ, ಅಣ್ಣನಿಗೂ ಹೇಳದ ಮಾತೊಂದಿದೆ. ಕುಲುಮೆಯ ಪಕ್ಕದ ಗೋಡೆಯಲ್ಲಿ ನಿಮ್ಮ ಕೈಬರಹದ ಚೀಟಿಯೊಂದನ್ನು ಗಾಜು ಹಾಕಿಸಿ ಇಟ್ಟುಕೊಂಡು ಬಂದಿದ್ದೇವೆ. “ಶಾಖ ಸಾವಿರದೈನೂರಕ್ಕಿಂತ ಮೇಲೆ ಏರಿಸಬಾರದು” ಎಂದಷ್ಟೇ ಅದರಲ್ಲಿದೆ. ಗುಂಡಿ ತಿರುಗಿಸುವ ಮುನ್ನ ನಾನು ಅದನ್ನು ಓದಿದೆ. ನಿಮ್ಮ ಹಳೆಯ ಕುಲುಮೆಗೆ ಅದಕ್ಕಿಂತ ಹೆಚ್ಚು ಶಾಖ ತಡೆಯುತ್ತಿರಲಿಲ್ಲವೇನೋ, ಅದಕ್ಕೇ ಬರೆದಿದ್ದೀರಿ ಎಂದುಕೊಂಡೆ. ನೀವು ಮಾಡಿದ ಹಲ್ಲೂ ಯಾರದೋ ಬಾಯಲ್ಲಿ ಒಡೆದಿತ್ತೇ ಎಂದು ಕೇಳಲು ನನಗೆ ಯಾರೂ ಇರಲಿಲ್ಲ.

ಈ ಕಾಗದ ಸೇರುವ ಹೊತ್ತಿಗೆ ನೀವು ಆ ಚೀಟಿಯನ್ನು ಇನ್ನೂ ಬರೆದಿರುವುದಿಲ್ಲ. ಬರೆಯುವ ದಿನ ಏಕೆ ಎಂಬುದನ್ನೂ ಬರೆಯಿರಿ. ಯಾರ ಹಲ್ಲು, ಎಷ್ಟು ವರ್ಷಕ್ಕೆ, ಏನಾಯಿತು, ಎಲ್ಲವನ್ನೂ. ಹೆಸರು ಹೇಳಲು ನಾಚಿಕೆಯಾದರೂ ಬರೆಯಿರಿ. ಚೀಟಿ ಸಾಲದಿದ್ದರೆ ದೊಡ್ಡ ಹಾಳೆ ತೆಗೆದುಕೊಳ್ಳಿ.

ಇವತ್ತು ಹದಿನಾಲ್ಕು ಮನೆಗಳಿವೆ. ಬರಲೇ, ಅಜ್ಜಿ.

ಸರ್ವಮಂಗಳೆ